ಸಿದ್ದಯ್ಯನ ಕಣದ ಆಯ

ಆ ವರ್ಷ ಗೌರಿಹಬ್ಬ ಕಳೆದ ಮೇಲೆ ಹೊನ್ನೂರಿನ ಪುಟ್ಟಮಾದಪ್ಪನವರ ಮನೆಯಲ್ಲಿ ಬಟ್ಟೆ ಸೋಪು ನಿಲ್ಲದಾಯಿತು. ಯಳಂದೂರು ಸಂತೆಯಿಂದ ತಂದ ಬಾರ್ ಸೋಪು ಮುಂದಿನ ಸಂತೆಯ ಹೊತ್ತಿಗೆ ಬೆರಳಿನಷ್ಟು ಉಳಿದಿದ್ದರೆ ಹೆಚ್ಚು. ಕಾರಣ ಯಾರೆಂದು ಮನೆಯ ಹೆಂಗಸರಿಗೆಲ್ಲ ಗೊತ್ತಿತ್ತು.

"ನಾನಂತೂ ಈ ಅಂಗಿ ಮುಟ್ಟಕಿಲ್ಲ ಕಣವ್ವ," ಎಂದು ಮಗಳು ಚನ್ನಾಜಮ್ಮ ಬಾವಿಕಟ್ಟೆಯ ಮೇಲೆ ನಿಂತು ಅಣ್ಣನ ಅಂಗಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು. "ಗಾಡಿ ಅಚ್ಚಿಗೆ ಬಳಿಯೋ ಕೀಲೆಣ್ಣೆನೂ ಇಷ್ಟು ಅಂಟಕಿಲ್ಲ."

"ಮುಟ್ಟಬ್ಯಾಡ ಬುಡು ತಾಯಿ. ನಿನ್ ಕೈಯಿ ಸವೆದೋದಾವು," ಎಂದು ತಾಯಿ ಶಿವರತ್ನಮ್ಮ ಅಂಗಿ ಕಿತ್ತುಕೊಂಡು ಕಲ್ಲಿಗೆ ಬಡಿದರು. "ಓದಿಸಿದ್ದು ಯಾತಕ್ಕೋ, ಒಗೆಯಾದು ಯಾತಕ್ಕೋ."

ಆ ಅಂಗಿಯ ಒಡೆಯ ಗುರುಪಾದಸ್ವಾಮಿ, ಮನೆಗೆ ಒಬ್ಬನೇ ಗಂಡುಮಗ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮನೆಯಲ್ಲಿ ಕೂತಿದ್ದಾಗ ಗ್ರಾಮಸೇವಕ ಶಿವನಂಜಯ್ಯ ಸೈಕಲ್ಲಿನಲ್ಲಿ ಬಂದು, ಜಗಲಿಯಲ್ಲಿ ಕೂತು, ಮಜ್ಜಿಗೆ ಕುಡಿದು ಒಂದು ಸುದ್ದಿ ಹೇಳಿದ್ದರು. ಕೊಳ್ಳೇಗಾಲದಲ್ಲಿ ಸರ್ಕಾರ ಹಳ್ಳಿಯ ಯುವಕರಿಗೆ ತರಬೇತಿ ಕೊಡುತ್ತದೆ. ಪಂಪ್‌ಸೆಟ್ಟು, ಆಯಿಲ್ ಎಂಜಿನ್ನು ಬಿಚ್ಚಿ ಜೋಡಿಸುವುದು, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು, ಎಲ್ಲ ಕಲಿಸುತ್ತಾರೆ. ಕಲಿಯುವಷ್ಟು ಕಾಲ ಕೈಖರ್ಚಿಗೆ ಕೊಡುತ್ತಾರೆ, ಮುಗಿದ ಮೇಲೆ ಸಾಮಾನಿನ ಪೆಟ್ಟಿಗೆಯನ್ನೂ ಕೊಡುತ್ತಾರೆ. ಇಷ್ಟೆಲ್ಲ ಹೇಳಿದರೂ ಪುಟ್ಟಮಾದಪ್ಪನವರ ತಲೆಯಲ್ಲಿ ಉಳಿದದ್ದು ಸರ್ಕಾರ ಎನ್ನುವುದೊಂದೇ. ಮಗ ಎಲೆಕ್ಟ್ರಿಕ್ ಬೋರ್ಡಿನಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವುದು ಅವರಿಗೆ ಅಂದೇ ಕಣ್ಣಿಗೆ ಕಟ್ಟಿತು. ಸೊಸೈಟಿಯ ಮುಂದೆ, ಅರಳಿಕಟ್ಟೆಯಲ್ಲಿ, ಬಸ್ಸಿನಲ್ಲಿ ಕೂಡ, ಕೇಳಿದವರಿಗೂ ಕೇಳದವರಿಗೂ "ಮಗ ಸರ್ಕಾರದಲ್ಲಿ ಓದ್ತಾವ್ನೆ" ಎಂದು ಹೇಳಿಕೊಂಡು ತಿರುಗಿದರು.

ಗುರುಪಾದ ಕೊಳ್ಳೇಗಾಲದಲ್ಲಿ ಒಂದು ಮಠದಲ್ಲಿ ಮಲಗಿ, ಅಲ್ಲೇ ದಾಸೋಹದಲ್ಲಿ ಉಂಡು, ಮನಸ್ಸಿಟ್ಟು ಕಲಿತ. ಊರಿಗೆ ಬಸ್ಸಿಳಿದಾಗ ಕಂಡಕ್ಟರು ಮೇಲಿನಿಂದ ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆ ಇಳಿಸಿಕೊಟ್ಟ. ಅದರ ಭಾರಕ್ಕೆ ಇಬ್ಬರು ಕೈಕೊಡಬೇಕಾಯಿತು. ಅಜ್ಜಿ ದೊಡ್ಡಬಸಮ್ಮ ಪೆಟ್ಟಿಗೆಗೂ ಮೊಮ್ಮಗನಿಗೂ ಒಟ್ಟಿಗೇ ದೃಷ್ಟಿ ತೆಗೆದರು.

"ಆರ್ಡ್ರು ಯಾವಾಗ ಬತ್ತದ?" ಎಂದರು ಪುಟ್ಟಮಾದಪ್ಪ, ಮಗನ ಊಟ ಮುಗಿಯುವುದನ್ನೇ ಕಾದಿದ್ದು.

"ಯಾವ ಆರ್ಡ್ರಪ್ಪ?"

"ಕೆಲ್ಸದ್ದು ಕಣ್ಲಾ."

"ಕೆಲ್ಸ ಇಲ್ಲೇ ಅಲ್ವಾ? ನಮ್ಮೂರಲ್ಲಿ, ಪಕ್ಕದ ಅಗರದಲ್ಲಿ ಎಷ್ಟು ಮೋಟ್ರು ಬಂದವ ನೋಡು. ಒಂದ್ ಕೆಟ್ರೆ ಗಾಡಿ ಮ್ಯಾಲೆ ಏರ್ಕಂಡು ಕೊಳ್ಳೇಗಾಲಕ್ಕೆ ಓಗ್ಬೇಕು, ವಾರಗಟ್ಲೆ ಕಾಯ್ಬೇಕು. ನಾನು ಇಲ್ಲೇ ಮಾಡ್ತೀನಿ. ಅದಕ್ಕೇ ಸರ್ಕಾರ ಕಲಿಸಿರದು."

ಪುಟ್ಟಮಾದಪ್ಪ ಎಲೆಯಡಿಕೆ ಹಾಕಿಕೊಂಡವರು ಅದನ್ನು ಅಗಿಯುವುದನ್ನೇ ಮರೆತರು. ಮಾರನೆಯ ಬೆಳಗ್ಗೆ ಎಲ್ಲರೂ ಇರುವಾಗ ತಮ್ಮ ತೀರ್ಮಾನ ಹೇಳಿದರು.

"ಮಾಡು. ಬ್ಯಾಡ ಅನ್ನಕಿಲ್ಲ. ಆದ್ರ ಒಬ್ಬರತ್ರನೂ ಕೂಲಿ ಈಸ್ಕಬ್ಯಾಡ. ತಂತಿ ಗಿಂತಿ ಅವರೇ ತರ್ಲಿ. ನಮ್ಮ ಮನೆಯೋರು ಕೊಟ್ಟು ಗೊತ್ತು, ಕೈಚಾಚಿ ಗೊತ್ತಿಲ್ಲ."

ಅವರು ಹಾಗೆ ಹೇಳುವುದಕ್ಕೆ ಅರ್ಥವಿತ್ತು. ಸುಗ್ಗಿಯಲ್ಲಿ ಅವರ ಕಣದಲ್ಲಿ ರಾಶಿ ಎದ್ದ ದಿನ ಊರಿನ ಆಯಗಾರರೆಲ್ಲ ಸಾಲಾಗಿ ನಿಲ್ಲುತ್ತಿದ್ದರು. ನೇಗಿಲು ಕುಡುಗೋಲು ಮಾಡಿಕೊಟ್ಟ ಆಚಾರಿ, ಬಟ್ಟೆ ಮಡಿ ಮಾಡಿಕೊಟ್ಟ ಮಡಿವಾಳ, ಕ್ಷೌರಿಕ. ವರ್ಷವೆಲ್ಲ ದುಡಿದದ್ದಕ್ಕೆ ಅವರಿಗೆ ಸಲ್ಲುವ ಕಾಳೇ ಆಯ. ಪುಟ್ಟಮಾದಪ್ಪ ಮೊರ ತುಂಬ ತುಂಬ ಮೊಗೆದು ಅವರು ಹಾಸಿದ ವಲ್ಲಿಗೆ, ಹೆಗಲ ಬಟ್ಟೆಗೆ, ಸುರಿಯುತ್ತಿದ್ದರು. ವರ್ಷದಲ್ಲಿ ಅವರು ಬಾಯ್ತುಂಬ ನಗುತ್ತಿದ್ದ ದಿನ ಅದು. ಸುರಿಯುವ ಕಡೆಯಲ್ಲೇ ನಿಂತು ಬೆಳೆದ ಮನುಷ್ಯ, ಪಾಪ.

ಪುಗಸಟ್ಟೆ ಎಂದ ಮೇಲೆ ಕೇಳಬೇಕೆ? ನಮ್ಮೂರಿನ ಜನ ಮೋಟರು ಮಾತ್ರವಲ್ಲ, ಟಾರ್ಚು, ಸೈಕಲ್ಲು, ಹೊಲಿಗೆ ಮಿಷನ್ನು, ಮಾತಾಡುವುದನ್ನು ನಿಲ್ಲಿಸಿದ ರೇಡಿಯೋ, ಎಲ್ಲವನ್ನೂ ತಂದು ಜಗಲಿಯ ಮೇಲಿಟ್ಟು ಹೋದರು. ಗುರುಪಾದ ಬೆಳಗ್ಗೆ ಎದ್ದು ರೊಟ್ಟಿ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಸುಟ್ಟ ಮೋಟರುಗಳನ್ನು ಮನೆಗೇ ತರುತ್ತಿದ್ದ. ತಂತಿ ಸುತ್ತುವಾಗ ತುದಿ ಹಿಡಿಯಲು ತಂಗಿ ಚನ್ನಾಜಿ ಬೇಕು. ಅಂಗಿ ಮುಟ್ಟುವುದಿಲ್ಲ ಎಂದವಳು ತಾಮ್ರದ ತಂತಿಯನ್ನು ಮಾತ್ರ ಪ್ರೀತಿಯಿಂದ ಹಿಡಿಯುತ್ತಿದ್ದಳು. ಸುತ್ತಿಯಾದ ಮೇಲೆ ವಾರ್ನಿಷ್ ಬಳಿದು ಒಣಗಿಸಬೇಕು. ಅದಕ್ಕೆ ಒಂದೇ ಸಮನಾದ ಶಾಖ ಬೇಕು. ಆ ಶಾಖ ಸಿಕ್ಕಿದ್ದು ಬಚ್ಚಲುಮನೆಯ ಹಂಡೆ ಒಲೆಯ ಮಗ್ಗುಲಲ್ಲಿ.

"ಇದ್ಯಾತರ ನಾತವವ್ವ! ಮೀಯಾ ನೀರಿಗೂ ವಾರ್ನೀಸು, ಕುಡಿಯಾ ಮಜ್ಜಿಗೆಗೂ ವಾರ್ನೀಸು," ಎಂದು ದೊಡ್ಡಬಸಮ್ಮ ಮೂಗಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಹಾಗೆಂದವರೇ ಒಲೆಯ ಮುಂದೆ ಕೂತು, ಉರಿ ಏಳದಂತೆ, ಆರದಂತೆ, ತೆಂಗಿನ ಮಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಮುಂದೂಡುತ್ತಿದ್ದರು. ಯಾರಾದರೂ ಮಧ್ಯೆ ಸೌದೆ ತುರುಕಿದರೆ ಮುದುಕಿಯ ಬಾಯಿಗೆ ಬಿದ್ದರು ಎಂದೇ ಲೆಕ್ಕ.

ಸೋಮವಾರ ಎತ್ತು ಕಟ್ಟುವ ಹಾಗಿಲ್ಲ, ಅದು ಬಸವಣ್ಣನ ದಿನ. ಆದರೆ ಗುರುಪಾದನಿಗೆ ಸೋಮವಾರವೂ ಇಲ್ಲ. ಒಂದು ಸೋಮವಾರ ಅವನು ಬಿಸಿಲಲ್ಲಿ ಬೆವೆತು ಬಂದು ಉಣ್ಣಲು ಕೂತಾಗ ಶಿವರತ್ನಮ್ಮನ ಸಹನೆ ಮುಗಿಯಿತು. ಮುದ್ದೆಯನ್ನು ತಟ್ಟೆಗೆ ಕುಕ್ಕಿ, ಉಪ್ಪೆಸರು ಬಿಟ್ಟು, ಗಂಡನ ಕಡೆ ತಿರುಗಿದರು.

"ಎತ್ತಿಗಾದ್ರೂ ವಾರಕ್ಕೊಂದಿನ ಬುಡ್ತೀರಿ. ನನ್ ಮಗನಿಗೆ ಅದೂ ಇಲ್ವಾ?"

"ನಾನೇನು ಅವನ ಮೂಗುದಾರ ಇಡ್ಕಂಡಿದ್ದಿನಾ?"

"ಸೋಪಿಗಾದ್ರೂ ಈಸ್ಕಳಕೆ ಬುಡಿ."

"ಸೋಪು ನಾನು ತತ್ತೀನಿ. ಬಂಡಿಗಟ್ಲೆ ತತ್ತೀನಿ. ಊರೋರತ್ರ ಕೂಲಿ ಈಸ್ಕಂಡ ಅಂದ್ರೆ ನಾಳೆ ಇವನಿಗೆ ಯಾರು ಎಣ್ಣು ಕೊಟ್ಟಾರು?"

"ಪುಗಸಟ್ಟೆ ದುಡಿಯಾ ಗಂಡಿಗೆ ಯಾರು ಕೊಟ್ಟಾರು ಅದ ಏಳಿ ಮೊದ್ಲು!"

ಗುರುಪಾದ ತಲೆ ಎತ್ತದೆ ಉಂಡ. ಅವನ ಉಗುರಿನ ಸಂದಿಯ ಕಪ್ಪು ಸೀಗೆಪುಡಿಗೂ ಹೋಗುತ್ತಿರಲಿಲ್ಲ.

ದೀಪಾವಳಿ ಕಳೆಯುತ್ತಲೂ ಜಗಲಿ ಖಾಲಿಯಾಗತೊಡಗಿತು. ದೊಡ್ಡ ಹಿಡುವಳಿಯವರು, ನೆಂಟರು ಬರುತ್ತಲೇ ಇದ್ದರು. ಸಣ್ಣ ರೈತರು ಮಾತ್ರ ನಿಂತರು. ಊರಿನ ಮೋಟರುಗಳೆಲ್ಲ ಸರಿಯಾಗಿವೆ ಎಂದು ಪುಟ್ಟಮಾದಪ್ಪ ಬೀಗಿದರು. ಗುರುಪಾದನೂ ಹಾಗೆಯೇ ಅಂದುಕೊಂಡಿದ್ದ. ಒಂದು ದಿನ ಅಗರದಿಂದ ಬದುವಿನ ಮೇಲೆ ನಡೆದು ಬರುವಾಗ ದೊಡ್ಡಸಿದ್ದಯ್ಯನ ಗದ್ದೆಯ ಹತ್ತಿರ ನಿಂತುಬಿಟ್ಟ.

ದೊಡ್ಡಸಿದ್ದಯ್ಯ ಒಂದು ಕಾಲಕ್ಕೆ ಪುಟ್ಟಮಾದಪ್ಪನವರ ಮನೆಯಲ್ಲಿ ಜೀತಕ್ಕಿದ್ದವನು. ದರಖಾಸ್ತಿನಲ್ಲಿ ಒಂದು ತುಂಡು ಭೂಮಿ ಸಿಕ್ಕ ಮೇಲೆ ಜೀತ ಬಿಟ್ಟು, ಬಾವಿ ತೋಡಿ, ಬ್ಲಾಕ್ ಆಫೀಸಿಗೆ ಅಲೆದು ಅಲೆದು ಮೋಟರು ಹಾಕಿಸಿಕೊಂಡಿದ್ದ. ಈಗ ಅವನೂ ಅವನ ಹೆಂಡತಿ ದೊಡ್ಡಮಾದಮ್ಮನೂ ಬಾವಿಯಿಂದ ಕೊಡದಲ್ಲಿ ನೀರು ಸೇದಿ ಸೇದಿ ಕಾಲುವೆಗೆ ಸುರಿಯುತ್ತಿದ್ದರು. ಭತ್ತ ಹಾಲುದುಂಬುವ ಸಮಯ. ನೀರು ಗದ್ದೆಯ ಅರ್ಧಕ್ಕೂ ಮುಟ್ಟದೆ ಇಂಗುತ್ತಿತ್ತು.

"ಮೋಟ್ರು ಏನಾಯ್ತು ಸಿದ್ದಯ್ಯ?"

"ಸುಟ್ಟೋಯ್ತು ಸಣ್ಬುದ್ದಿ. ಆಯ್ತು ಒಂದ್ ವಾರ."

"ನನಗೆ ಏಳ್ಬಾರ್ದಾ? ಮನೆ ಮುಂದ್ಲಿಂದ್ಲೇ ತಿರುಗಾಡ್ತೀಯ!"

ಸಿದ್ದಯ್ಯ ಕೊಡ ಕೆಳಗಿಟ್ಟ. ಹೇಳಲೋ ಬೇಡವೋ ಎಂದು ಹೆಂಡತಿಯ ಮುಖ ನೋಡಿದ. ದೊಡ್ಡಮಾದಮ್ಮನೇ ಮಾತು ಎತ್ತಿಕೊಂಡಳು.

"ನೀವು ಪುಗಸಟ್ಟೆ ಮಾಡ್ಕೊಡ್ತೀರಿ ಬುದ್ದಿ. ನಿಮ್ಮ ನೆಂಟರಿಗೆ ಅದು ಸರಿ. ನಾವು ಮಾಡುಸ್ಕಂಡ್ರೆ ನಾಳೆ ನಿಮ್ಮಪ್ಪಾರು ಗದ್ದೆಗೆ ಐಕ್ಳ ಕಳಿಸು ಅಂತಾರೆ. ಇಲ್ಲ ಅನ್ನಕೆ ಬಾಯಿ ಬಂದದಾ? ಜೀತದಿಂದ ಬುಡುಸ್ಕಂಡು ಬಂದಿರೋದು ಮೋಟ್ರಿಗೋಸ್ಕರ ಮತ್ತೆ ಓಗಕಲ್ಲ."

ಗುರುಪಾದನಿಗೆ ಕೆನ್ನೆಗೆ ಬಾರಿಸಿದಂತಾಯಿತು. ತಾನು ಧರ್ಮಕ್ಕೆ ಮಾಡುತ್ತಿದ್ದೇನೆ ಎಂದು ಅವನಿಗೂ ಒಳಗೊಳಗೆ ಹೆಮ್ಮೆ ಇತ್ತು. ಆ ಧರ್ಮಕ್ಕೆ ಹೆದರಿ ಗಂಡ ಹೆಂಡತಿ ಅಂಗೈ ಬೊಬ್ಬೆ ಬರಿಸಿಕೊಂಡಿದ್ದರು.

"ಅಂಗಾದ್ರೆ ಕೂಲಿ ಕೊಡು. ಈಸ್ಕತೀನಿ."

"ಸುಗ್ಗಿಗೆ ಮುಂಚೆ ನಮ್ಮತ್ರ ಎಲ್ಲದ ಬುದ್ದಿ?" ಎಂದ ಸಿದ್ದಯ್ಯ. ಸ್ವಲ್ಪ ಹೊತ್ತು ನೆಲ ಕೆರೆದು, "ಆಯಕ್ಕೆ ಮಾಡ್ಕೊಟ್ರೆ ಮಾಡುಸ್ಕತೀನಿ," ಎಂದ.

"ಆಯಕ್ಕಾ?"

"ಊ. ಆಚಾರಿಗೆ ಕೊಡಂಗೆ. ರಾಶಿ ಮಾಡಿದ ದಿನ ಕಣಕ್ಕೆ ಬಂದು ಈಸ್ಕಂಡೋಗಿ. ಅದು ದಾನ ಅಲ್ಲ, ನಿಮ್ಮ ಅಕ್ಕು. ಆದ್ರ ಒಂದು ಮಾತು ಬುದ್ದಿ. ಆಯ ತಕಂಡೋರು ಕೂಗಿದಾಗ ಬರ್ಬೇಕು. ಮಳೆ ಅನ್ನಂಗಿಲ್ಲ, ಹಬ್ಬ ಅನ್ನಂಗಿಲ್ಲ. ಮನೆಯೋರೇ ಕಣಕ್ಕೆ ಬಂದು ಈಸ್ಕಬೇಕು, ಬರ್ಲಿಲ್ಲ ಅಂದ್ರ ಮಾತು ಮುರಿದಂಗೆ. ನಿಮ್ಮಪ್ಪಾರು ಒಪ್ಪಾರಾ?"

"ನಾನು ಒಪ್ಪಿದ್ದೀನಲ್ಲ," ಎಂದ ಗುರುಪಾದ. ಮೋಟರು ಬಿಚ್ಚಿ, ಸಿದ್ದಯ್ಯನ ಹೆಗಲಿಗೆ ಒಂದು ತುದಿ, ತನ್ನ ಹೆಗಲಿಗೆ ಒಂದು ತುದಿ ಬರುವಂತೆ ಬಿದಿರಿನ ಗಳಕ್ಕೆ ಕಟ್ಟಿ ಮನೆಗೆ ತಂದ.

ದೊಡ್ಡಬಸಮ್ಮನಿಗೆ ಒಲೆಯ ಮುಂದೆ ಕೂತಲ್ಲೇ ವಿಷಯವೆಲ್ಲ ತಿಳಿಯಿತು. "ನಿಮ್ಮಪ್ಪ ಕುಣಿದಾಡ್ತನ," ಎಂದರು. ಆಮೇಲೆ, "ಕುಣೀಲಿ. ಮೊದ್ಲು ಪೈರಿಗೆ ನೀರು ಬುಡು," ಎಂದು ಮಟ್ಟೆ ಮುಂದೂಡಿದರು. ಮೂರನೆಯ ದಿನ ಸಿದ್ದಯ್ಯನ ಬಾವಿಯಿಂದ ನೀರು ಧಾರೆಧಾರೆಯಾಗಿ ಬಿತ್ತು. ದೊಡ್ಡಮಾದಮ್ಮ ಕಾಲುವೆಯಲ್ಲೇ ಕೂತು ಕೈಕಾಲು ಮುಖ ತೊಳೆದುಕೊಂಡಳಂತೆ.

ಇಂಥ ಸುದ್ದಿ ಊರಿನಲ್ಲಿ ಅಡಗುತ್ತದೆಯೇ? ಸೊಸೈಟಿಯಲ್ಲಿ ಗೊಬ್ಬರಕ್ಕೆ ಕಾದು ನಿಂತಿದ್ದ ಪುಟ್ಟಮಾದಪ್ಪನವರಿಗೆ ಯಾರೋ, "ಏನಣ್ಣ, ಈ ಸುಗ್ಗಿಗೆ ನೀವೂ ಆಯಗಾರ್ರಾದ್ರಂತೆ?" ಎಂದು ನಗೆಯಾಡಿದರು. ಪುಟ್ಟಮಾದಪ್ಪ ಗೊಬ್ಬರ ಬಿಟ್ಟು ಮನೆಗೆ ಬಂದರು. ಗುರುಪಾದ ಮುದ್ದೆ ಮುರಿಯುತ್ತಿದ್ದ.

"ಯಾರನ್ನ ಕೇಳಿ ಒಪ್ಕಂಡೆ?"

"ಯಾರನ್ನೂ ಕೇಳ್ಲಿಲ್ಲ ಅಪ್ಪ."

"ನಮ್ಮ ಕಣದಲ್ಲಿ ನಿಂತು ಈಸ್ಕತಿದ್ದೋನು ಅವನು! ಅವನ ಕಣಕ್ಕೆ ನನ್ ಮಗ ವಲ್ಲಿ ಒಡ್ಕಂಡು ಓಗದಾ?"

"ಅವನು ಪುಗಸಟ್ಟೆ ಬ್ಯಾಡ ಅಂದ. ನಿನಗೆ ಹೆದರಿ ನೀರು ಸೇದ್ತಿದ್ದ ಕಣಪ್ಪ ಅವನು."

"ನನಗೆ? ನಾನು ಏನ್ ಮಾಡ್ದೆ ಅವನಿಗೆ?"

"ಏನೂ ಮಾಡ್ಬ್ಯಾಡ. ಅದನ್ನೇ ಅವನೂ ಕೇಳ್ತಿರದು."

ಚನ್ನಾಜಿ ಅಡುಗೆಮನೆಯಲ್ಲಿ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಪುಟ್ಟಮಾದಪ್ಪನವರ ಮುಖ ಕೆಂಪಗಾಯಿತು.

"ಕೇಳ್ಕ. ಸುಗ್ಗಿ ಮುಗೀಲಿ. ಆ ಪೆಟ್ಟಿಗೆ ತಕಂಡೋಗಿ ಎಲ್ಲಿಂದ ತಂದ್ಯೋ ಅಲ್ಲಿಗೆ ಕೊಟ್ಬುಟ್ಟು ಬಾ. ನೇಗ್ಲು ಹಿಡ್ಕಂಡು ನಮ್ಮ ಭೂಮಿ ನೋಡ್ಕ. ಅವನ ಕಣಕ್ಕೆ ಈ ಮನೆಯ ಒಂದು ನಾಯಿ ಓದ್ರೂ ನಾನು ಈ ಊರಲ್ಲಿರಕಿಲ್ಲ."

"ಊರು ಬುಟ್ಟು ಎಲ್ಲಿಗೋದೀಯ ಈ ವಯಸ್ಸಲ್ಲಿ? ಉಣ್ಣು ಬಾ," ಎಂದರು ದೊಡ್ಡಬಸಮ್ಮ. ಪುಟ್ಟಮಾದಪ್ಪ ಉಣ್ಣಲಿಲ್ಲ. ಅಂದಿನಿಂದ ತಂದೆ ಮಗ ಒಂದೇ ಪಂಕ್ತಿಯಲ್ಲಿ ಕೂರುವುದು ನಿಂತಿತು. ಶಿವರತ್ನಮ್ಮ ಎರಡೆರಡು ಸಲ ಸಾರು ಬಿಸಿ ಮಾಡಿ ಸೋತರು.

ಗುರುಪಾದ ವಾದ ಮಾಡಲಿಲ್ಲ. ಕೆಲಸವನ್ನೂ ಬಿಡಲಿಲ್ಲ. ಆಯಕ್ಕೆ ಮಾಡಿಕೊಡುತ್ತಾನೆ ಎಂದು ತಿಳಿದದ್ದೇ, ನಿಂತಿದ್ದ ಸಣ್ಣ ರೈತರೆಲ್ಲ ಒಬ್ಬೊಬ್ಬರಾಗಿ ಬಂದರು. ಅವರು ಜಗಲಿಯ ಮೂಲೆಯಲ್ಲಿ ಹೆದರಿ ನಿಲ್ಲುತ್ತಿರಲಿಲ್ಲ. ಅಂಗಳದ ನಡುವೆ ನಿಂತು "ಇವತ್ತೇ ಬೇಕು ಕಣ್ರಿ" ಎಂದು ಕೇಳುತ್ತಿದ್ದರು. ಪುಟ್ಟಮಾದಪ್ಪನವರಿಗೆ ಹೊಟ್ಟೆ ಉರಿಯುತ್ತಿದ್ದುದು ಆ ಧ್ವನಿಗೇ.

ಕೊಯ್ಲಾಯಿತು, ಮೆದೆಯಾಯಿತು, ಸಂಕ್ರಾಂತಿಯ ಆಸುಪಾಸಿನಲ್ಲಿ ಪುಟ್ಟಮಾದಪ್ಪನವರ ಕಣದಲ್ಲಿ ರಾಶಿ ಎದ್ದಿತು. ಪೂಜೆ ಮುಗಿದು ಆಯಗಾರರು ಸಾಲಾಗಿ ನಿಂತರು. ಮೊದಲು ನಂಜಾಚಾರಿ. ಪುಟ್ಟಮಾದಪ್ಪ ಮೊರ ತುಂಬಿ ಎತ್ತಿದರು. ಆಚಾರಿ ಮಾತ್ರ ವಲ್ಲಿ ಹಾಸಲಿಲ್ಲ.

"ಯಾಕೆ ಆಚಾರಿ? ವಲ್ಲಿ ಒಡ್ಡು."

"ಒಂದು ಮಾತು ಕೇಳ್ಬೇಕು ಬುದ್ದಿ. ಕೋಪ ಮಾಡ್ಕಬಾರ್ದು."

"ಕೇಳು."

"ನಮ್ಮಪ್ಪ ನಿಮ್ಮಪ್ಪಾರ ಕಣದಲ್ಲಿ ನಿಂತಿದ್ದ. ನಾನು ನಿಮ್ಮ ಕಣದಲ್ಲಿ ನಿಂತಿವ್ನಿ. ಪ್ರತಿ ವರ್ಷ ನೀವು ಇದು ನಿನ್ ಅಕ್ಕು ಕಣೋ ಆಚಾರಿ, ತಲೆ ಎತ್ತಿ ಈಸ್ಕ ಅಂತ ಏಳ್ಕಂಡು ಸುರಿದ್ರಿ. ನಾನು ನಂಬ್ಕಂಡಿದ್ದೆ. ಈಗ ಆಯ ಅಂದ್ರೆ ಮಾನ ಓಯ್ತದ ಅಂತ ಊರೆಲ್ಲ ಏಳ್ತಿದ್ದೀರಂತೆ. ಅಂಗಾದ್ರೆ ಇಷ್ಟು ವರ್ಷ ನಾನು ಈಸ್ಕಂಡಿದ್ದು ಏನು ಬುದ್ದಿ?"

ಪುಟ್ಟಮಾದಪ್ಪನವರ ಕೈಯಲ್ಲಿ ಮೊರ ಭಾರವಾಗಿ ಕಾಳು ಅಂಚಿನಿಂದ ಉದುರಿತು. ಕೊನೆಗೆ, "ವಲ್ಲಿ ಒಡ್ಡು ಆಚಾರಿ," ಎಂದರು ಮೆಲ್ಲಗೆ. ಆಚಾರಿ ಹಾಸಿದ. ಅವರು ಸುರಿದರು. ಆ ವರ್ಷ ಅವರ ಕಣದಲ್ಲಿ ನಗು ಇರಲಿಲ್ಲ.

ಅದಾದ ಕೆಲವು ದಿನಕ್ಕೆ ಶಿವನಂಜಯ್ಯ ಮತ್ತೆ ಸೈಕಲ್ಲಿನಲ್ಲಿ ಬಂದರು. ಹನೂರಿನಲ್ಲಿ ಸರ್ಕಾರ ಹೊಸದಾಗಿ ತರಬೇತಿ ಶುರುಮಾಡಿದೆ, ಕಾಡಂಚಿನ ಊರುಗಳಿಂದೆಲ್ಲ ಹುಡುಗರು ಬಂದಿದ್ದಾರೆ, ಕೆಲಸ ತೋರಿಸಿಕೊಡಲು ಗುರುಪಾದನನ್ನು ಕಳಿಸಬೇಕು ಎಂದು ಕೊಳ್ಳೇಗಾಲದಿಂದ ಹೇಳಿಕಳಿಸಿದ್ದಾರೆ ಎಂದರು. ಗುರುಪಾದ ತಂದೆಯ ಕಡೆ ನೋಡಿದ. ಪುಟ್ಟಮಾದಪ್ಪ ಎತ್ತಿನ ಹಗ್ಗ ಸರಿಮಾಡುತ್ತ ಕೇಳಿಸದವರಂತೆ ನಿಂತಿದ್ದರು. ಗುರುಪಾದ ಹೊರಟ. ಹೊರಡುವಾಗ ತಾಯಿಯ ಹತ್ತಿರ ಒಂದೇ ಮಾತು ಹೇಳಿದ.

"ಸಿದ್ದಯ್ಯನ ರಾಶಿ ಶುಕ್ರವಾರ ಆಯ್ತದವ್ವ. ನಾನು ಬರಕಾಗಕಿಲ್ಲ. ಯಾರೂ ಓಗ್ನಿಲ್ಲ ಅಂದ್ರೆ ಮುಗೀತು. ನನ್ ಭತ್ತ ಇವರಿಗೆ ಮೈಲಿಗೆ ಅಂತ ಸಿದ್ದಯ್ಯ ಅಂದ್ಕತಾನೆ. ಇನ್ಯಾವ ಸಣ್ಣ ರೈತನೂ ಈ ಮನೆ ಬಾಗ್ಲಿಗೆ ಮೋಟ್ರು ತರಕಿಲ್ಲ."

ಗುರುವಾರ ಹನೂರಿನಿಂದ ಹಿಂದಿರುಗಿದ ಶಿವನಂಜಯ್ಯ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತ, ಯಾರೂ ಕೇಳದಿದ್ದರೂ ಹೇಳಿದರು.

"ಗೋಪಿನಾಥಂನಿಂದ ಬಂದ ಐಕ್ಳು ಅರ್ಧ ಮಾತು ತಮಿಳಲ್ಲೇ ಆಡ್ತವೆ. ಇವನು ಕೈಯಲ್ಲೇ ತೋರಿಸ್ತಾನೆ, ಅವು ಕೈ ನೋಡ್ಕಂಡೇ ಕಲೀತವೆ. ವಾದ್ಯಾರೇ, ವಾದ್ಯಾರೇ ಅಂತ ಹಿಂದಿಂದೇ ತಿರುಗ್ತವೆ."

"ವಾದ್ಯಾರು ಅಂದ್ರೇನು?" ಒಳಗಿನಿಂದ ದೊಡ್ಡಬಸಮ್ಮ ಕೇಳಿದರು.

"ಮೇಷ್ಟ್ರು ಅಂತ ಕಣಜ್ಜಿ."

ಪುಟ್ಟಮಾದಪ್ಪ ಎದ್ದು ಕೊಟ್ಟಿಗೆಗೆ ಹೋದರು. ಆಗಲೇ ನೀರು ಕುಡಿಸಿದ್ದ ಎತ್ತುಗಳಿಗೆ ಮತ್ತೆ ನೀರು ಇಟ್ಟರು.

ಶುಕ್ರವಾರ ಬೆಳಗ್ಗೆ ಮನೆಯಲ್ಲಿ ಜಗಳ ಶುರುವಾದದ್ದು ಹೆಂಗಸರಲ್ಲಿ.

"ನಾನೇ ಓಯ್ತೀನಿ," ಎಂದರು ದೊಡ್ಡಬಸಮ್ಮ, ದೊಣ್ಣೆ ಹುಡುಕುತ್ತ.

"ನೀವು ಬದು ಮೇಲೆ ಬಿದ್ದು ಸೊಂಟ ಮುರ್ಕಂಡ್ರೆ ನೋಡೋರು ಯಾರತ್ತೆ? ನಾನು ಓಯ್ತೀನಿ."

"ನೀನು ಓದ್ರೆ ಅವನು ನಿನ್ನ ಮನೆಯಿಂದಾಚೆಗೆ ಆಕ್ತನ."

"ನನ್ನ ಯಾರೂ ಆಚೆಗಾಕಕಿಲ್ಲ. ತಂತಿ ಇಡ್ದಿರೋಳು ನಾನು, ನಾನೇ ಓಯ್ತೀನಿ," ಎಂದು ಚನ್ನಾಜಿ ಆಗಲೇ ಚೀಲ ಕೊಡವಿದಳು.

ಅಷ್ಟರಲ್ಲಿ ಪುಟ್ಟಮಾದಪ್ಪ ಬಚ್ಚಲಿನಿಂದ ಬಂದರು. ಹಣೆಗೆ ವಿಭೂತಿ ಎಳೆದಿದ್ದರು. ಹಬ್ಬಕ್ಕೆ ಉಡುವ ಪಂಚೆ ಉಟ್ಟಿದ್ದರು. ಗೂಟದಲ್ಲಿದ್ದ ಒಗೆದ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊಸಿಲು ದಾಟಿದರು.

"ಪುಟ್ಟಮಾದ! ಅಲ್ಲೋಗಿ ಜಗಳ ಗಿಗಳ ಆಡ್ಬ್ಯಾಡ ಕಣೋ!" ಎಂದು ತಾಯಿ ಕೂಗಿದರು. ಅವರು ತಿರುಗಲಿಲ್ಲ. "ಹಿಂದ್ಲೇ ಓಗು," ಎಂದು ಶಿವರತ್ನಮ್ಮ ಮಗಳನ್ನು ತಳ್ಳಿದರು.

ಸಿದ್ದಯ್ಯನ ಕಣ ಚಿಕ್ಕದು. ರಾಶಿಯೂ ಚಿಕ್ಕದೇ, ಆದರೆ ಕಾಳು ಗಟ್ಟಿಯಾಗಿತ್ತು. ನಂಜಾಚಾರಿ, ಮಡಿವಾಳರ ಮಾರಯ್ಯ ನಿಂತಿದ್ದರು. ಗುರುಪಾದನ ಪಾಲೆಂದು ಪಕ್ಕಕ್ಕೆ ತೆಗೆದಿರಿಸಿದ್ದ ಕಾಳಿನ ಕಡೆ ಸಿದ್ದಯ್ಯ ಆಗಾಗ ನೋಡುತ್ತಿದ್ದ. ಯಾರೂ ಬರುವುದಿಲ್ಲ ಎಂದು ಊರವರು ಅವನಿಗೆ ಹೇಳಿದ್ದರು. ಪುಟ್ಟಮಾದಪ್ಪ ಬದುವಿನ ಮೇಲೆ ಕಾಣಿಸಿಕೊಂಡದ್ದೇ ಅವನ ಕೈಯ ಮೊರ ನೆಲಕ್ಕೆ ಬಿತ್ತು.

"ಬುದ್ದಿ... ತಪ್ಪಾಗಿದ್ರೆ... ನಾನೇ ಕೇಳ್ದೆ, ಸಣ್ಬುದ್ದಿದು ಏನೂ ಇಲ್ಲ..."

"ಕಣದಲ್ಲಿ ಎಕ್ಕಡ ಆಕ್ಕಂಡು ನಿಲ್ಬಾರ್ದು," ಎಂದರು ಪುಟ್ಟಮಾದಪ್ಪ, ತಮ್ಮ ಚಪ್ಪಲಿಯನ್ನು ಬದುವಿನಲ್ಲೇ ಬಿಟ್ಟು ಒಳಗೆ ಬರುತ್ತ. ರಾಶಿಗೆ ಕೈಮುಗಿದರು. ನೆಟ್ಟಗೆ ನಡೆದು ಹೋಗಿ ಮಡಿವಾಳರ ಮಾರಯ್ಯನ ಪಕ್ಕದಲ್ಲಿ, ಸಾಲಿನ ಕೊನೆಯಲ್ಲಿ ನಿಂತರು.

ಮಾರಯ್ಯ ಗಾಬರಿಯಿಂದ ಹಿಂದೆ ಸರಿದ. "ಮುಂದಕ್ಕೆ ಬನ್ನಿ ಬುದ್ದಿ..."

"ನಿಂತ್ಕ ಮಾರಯ್ಯ. ನೀನು ಮೊದ್ಲಿಂದ ಇರೋನು. ನಾವು ಈ ವರ್ಷ ಸೇರ್ಕಂಡೋರು."

ಸಿದ್ದಯ್ಯ ಬಿದ್ದ ಮೊರ ಎತ್ತಿಕೊಂಡ. "ನಾನೇ ಮನೆಗೆ ತಂದಾಕ್ತೀನಿ ಬುದ್ದಿ. ನೀವ್ಯಾಕೆ..."

"ಮನೆಗೆ ತಂದಾಕಿದ್ರೆ ಅದು ಕಾಣಿಕೆ ಆಯ್ತದ ಕಣ್ಲಾ. ಆಯ ಅಂದ್ಮೇಲೆ ಕಣದಲ್ಲೇ ಈಸ್ಕಬೇಕು. ನನಗೆ ಕಲಿಸಕ್ಕೆ ಬತ್ತೀಯಾ? ಸುರಿ."

ಆಚಾರಿಗೆ ಸುರಿದಾಯಿತು. ಮಾರಯ್ಯನಿಗೆ ಸುರಿದಾಯಿತು. ಪುಟ್ಟಮಾದಪ್ಪ ವಲ್ಲಿಯನ್ನು ನೆಲದ ಮೇಲೆ ಬಿಡಿಸಿ ಹಾಸಿ, ಎರಡು ಚುಂಗನ್ನು ಕೈಯಲ್ಲಿ ಹಿಡಿದು ಬಗ್ಗಿದರು. ಹಾಗೆ ಬಗ್ಗಿ ಅಭ್ಯಾಸವಿಲ್ಲದ ಬೆನ್ನು, ಸ್ವಲ್ಪ ಕಷ್ಟವಾಯಿತು. ಸಿದ್ದಯ್ಯನ ಮೊರದ ಅಂಚಿನಿಂದ ಕಾಳು ಹೊರಗೆ ಚೆಲ್ಲಿದಾಗ ಪುಟ್ಟಮಾದಪ್ಪನವರೇ ಅದನ್ನು ಅಂಗೈಯಲ್ಲಿ ಗುಡಿಸಿ ವಲ್ಲಿಗೆ ಹಾಕಿಕೊಂಡರು. ದೊಡ್ಡಮಾದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ರಾಶಿಯ ಆಚೆ ತಿರುಗಿ ನಿಂತಳು.

"ಇನ್ನು ಕೂಗು," ಎಂದರು ಪುಟ್ಟಮಾದಪ್ಪ, ಗಂಟು ಬಿಗಿಯುತ್ತ. "ಮೋಟ್ರು ಕೆಟ್ಟ ದಿನ ಮನೆ ಮುಂದೆ ನಿಂತು ಜೋರಾಗಿ ಕೂಗು. ಅವನು ಮಲಗಿದ್ರೆ ನಾನು ಎಬ್ಬಿಸಿ ಕಳಿಸ್ತೀನಿ."

ಗದ್ದೆಯ ಬದುವಿನಲ್ಲೇ ಬಂದಿದ್ದರೆ ಯಾರ ಕಣ್ಣಿಗೂ ಬೀಳದೆ ಮನೆ ಸೇರಬಹುದಿತ್ತು. ಅವರು ದೊಡ್ಡ ಬೀದಿಯಲ್ಲೇ ಬಂದರು. ಗಂಟನ್ನು ಚನ್ನಾಜಿಗೂ ಕೊಡಲಿಲ್ಲ, ಹಿಂದೆ ಓಡಿಬಂದ ಸಿದ್ದಯ್ಯನ ಮಗನಿಗೂ ಕೊಡಲಿಲ್ಲ, ತಾವೇ ಹೆಗಲ ಮೇಲೆ ಹೊತ್ತಿದ್ದರು. ಸೊಸೈಟಿಯ ಮುಂದೆ ಕೂತವರು ಎದ್ದು ನಿಂತರು.

"ಇದೇನಣ್ಣ, ನೀವೇ ಒತ್ಕಂಡು?"

"ಸಿದ್ದಯ್ಯನ ಕಣದಿಂದ. ನನ್ ಮಗನ ಆಯ."

ಅಂಗಳದಲ್ಲಿ ಶಿವರತ್ನಮ್ಮ ಬೇರೆ ಕುಕ್ಕೆ ತಂದು ಕಾದಿದ್ದರು. ಪುಟ್ಟಮಾದಪ್ಪ ಕುಕ್ಕೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ, ಗಂಟು ಬಿಚ್ಚಿ ಭತ್ತವನ್ನು ಮನೆಯ ಕಣಜಕ್ಕೇ ಸುರಿದರು. ಸುರಿದ ಮೇಲೆ ಯಾವುದು ಸಿದ್ದಯ್ಯನದು, ಯಾವುದು ತಮ್ಮದು ಎಂದು ಹೇಳಲು ಬರುವಂತಿರಲಿಲ್ಲ.

"ಎಷ್ಟು ಕೊಟ್ನೋ?" ಎಂದರು ದೊಡ್ಡಬಸಮ್ಮ, ಇದ್ದಲ್ಲಿಂದಲೇ.

ಪುಟ್ಟಮಾದಪ್ಪ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡರು. ಅವರ ಎದೆ ಉಬ್ಬಿತ್ತು.

"ಆಚಾರಿಗೆಷ್ಟೋ ಅಷ್ಟೇ ಕೊಟ್ಟ ಕಣವ್ವ. ಕಮ್ಮಿ ಇಲ್ಲ."